ಸಿಂಗಪುರದಲ್ಲೊಂದು ಸಂಜೆ, ಗೋಡೆಯ ಹೊರಗೆ

ಸಿಂಗಪುರಕ್ಕೆ ಹೋಗಿಬಂದೆ ಎಂದೊಡನೆ ನಮ್ಮ ಬೀದಿಯವರು ಕೇಳಿದ ಮೊದಲ ಪ್ರಶ್ನೆ, "ಚಿನ್ನ ತಂದ್ರಾ?" ಎರಡನೆಯದು, "ಏನೇನು ನೋಡಿದ್ರಿ?" ಮೊದಲನೆಯದಕ್ಕೆ ಉತ್ತರ ಸುಲಭ. ಇಲ್ಲ. ಎರಡನೆಯದಕ್ಕೆ ನಾನು ಕೊಡುವ ಉತ್ತರ ಕೇಳಿದರೆ ನೀವೂ ನಗುತ್ತೀರಿ. ಒಂದು ಗೋಡೆ ನೋಡಿ ಬಂದೆ ಸೋದರಿಯರೇ! ಮೂರು ಗಂಟೆಗೂ ಮೀರಿ ಆ ಗೋಡೆಯ ಹೊರಗೆ ನೆಲದ ಮೇಲೆ ಟವೆಲು ಹಾಸಿಕೊಂಡು ಕೂತು, ಒಳಗೆ ಹಾಡುತ್ತಿದ್ದವಳ ಹಾಡು ಕೇಳಿ ಬಂದೆ. ಹಾಡು ಕೇಳಿದೆ ಅನ್ನುವುದಕ್ಕಿಂತ, ಇನ್ನೂ ಬಾರದ ಹಾಡುಗಳಿಗಾಗಿ ಕಾಯುತ್ತಿದ್ದವರ ನಡುವೆ ಕೂತಿದ್ದೆ ಅನ್ನುವುದೇ ಸರಿ.

ಅರಸೀಕೆರೆಯಿಂದ ಅಷ್ಟು ದೂರ ಹೋಗಿ ಗೋಡೆ ನೋಡುವುದೇ? ಹೇಳುತ್ತೇನೆ, ಕೇಳಿ. ನಮ್ಮವರು ಈ ಪುಟಗಳನ್ನು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಎಲ್ಲವನ್ನೂ ಬರೆಯುತ್ತಿದ್ದೇನೆ.

ಆಗ, ಅಂದರೆ 2024ರಲ್ಲಿ, ನನ್ನ ಮಗಳು ಬಿ.ಕಾಂ. ಎರಡನೇ ವರ್ಷದಲ್ಲಿದ್ದಳು. ಟೇಲರ್ ಸ್ವಿಫ್ಟ್ ಎಂಬ ಅಮೆರಿಕದ ಗಾಯಕಿ ಎಂದರೆ ಅವಳಿಗೆ ಪಂಚಪ್ರಾಣ. ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿದ್ದರೆ ಈ ಹೆಸರು ಕಿವಿಗೆ ಬಿದ್ದೇ ಇರುತ್ತದೆ. 1989ರಲ್ಲಿ ಪೆನ್ಸಿಲ್ವೇನಿಯದಲ್ಲಿ ಹುಟ್ಟಿದವಳು. 2006ರಲ್ಲಿ, ಇನ್ನೂ ಹದಿನಾರರ ಹುಡುಗಿಯಾಗಿದ್ದಾಗಲೇ ಮೊದಲ ಆಲ್ಬಂ ತಂದವಳು. ಆಲ್ಬಂ ಅಂದರೆ ನಮ್ಮ ಕಾಲದಲ್ಲಿ ನಾವು 'ಹೊಸ ಕ್ಯಾಸೆಟ್ಟು' ಅನ್ನುತ್ತಿದ್ದೆವಲ್ಲ, ಅದೇ; ಒಂದಿಷ್ಟು ಹಾಡುಗಳ ಕಟ್ಟು. ತನ್ನ ಹಾಡುಗಳನ್ನು ತಾನೇ ಬರೆಯುತ್ತಾಳೆ. ನನಗೆ ಅವಳ ಮೇಲೆ ಗೌರವ ಹುಟ್ಟಿದ್ದು ಹಾಡಿನಿಂದಲ್ಲ, ಒಂದು ವ್ಯವಹಾರದಿಂದ. ಅವಳ ಮೊದಲ ಆರು ಆಲ್ಬಂಗಳ ಮೂಲ ಧ್ವನಿಮುದ್ರಣಗಳು ಅವಳ ಕೈಯಲ್ಲಿರಲಿಲ್ಲ. 2019ರಲ್ಲಿ ಅವು ಇನ್ನೊಬ್ಬರಿಗೆ ಮಾರಾಟವಾಗಿಬಿಟ್ಟವು. ಆಗ ಅವಳು ಅಳುತ್ತ ಕೂರದೆ, ಅದೇ ಹಾಡುಗಳನ್ನು ಮೊದಲಿನಿಂದ ಮತ್ತೆ ಹಾಡಿ, 2021 ಮತ್ತು 2023ರ ನಡುವೆ ನಾಲ್ಕು ಹಳೆಯ ಆಲ್ಬಂಗಳನ್ನು ಹೊಸದಾಗಿ ತಂದಳು. 2025ರ ಮೇ ತಿಂಗಳಲ್ಲಿ ಮೂಲವನ್ನೂ ಕೊಂಡುಕೊಂಡಳು. ತವರಿನ ಒಡವೆ ಯಾರದೋ ಬೀರು ಸೇರಿದಾಗ ಅದೇ ಮಾದರಿಯ ಒಡವೆ ಮಾಡಿಸಿ ಹಾಕಿಕೊಂಡು, ಕೊನೆಗೆ ಹಳೆಯದನ್ನೂ ಬಿಡಿಸಿಕೊಂಡು ಬಂದ ಹಾಗೆ. ಗೃಹಿಣಿಯರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲವೆ?

2024ರ ಫೆಬ್ರವರಿ 5, ಸೋಮವಾರ ಬೆಳಿಗ್ಗೆ. ಅಮೆರಿಕದಲ್ಲಿ ಅದು ಇನ್ನೂ 4ನೇ ತಾರೀಖಿನ ರಾತ್ರಿ, ಗ್ರಾಮಿ ಪ್ರಶಸ್ತಿ ಕೊಡುವ ಸಮಾರಂಭ. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ನಡುಮನೆಯಿಂದ ಒಂದು ಕಿರುಚು ಬಂತು ನೋಡಿ, ನಮ್ಮವರು ಶೇವ್ ಮಾಡಿಕೊಳ್ಳುತ್ತಿದ್ದವರು ಗಲ್ಲ ಕೊಯ್ದುಕೊಂಡರು. ಹಲ್ಲಿ ಬಿತ್ತೋ ಏನೋ ಎಂದು ನಾನು ಸೌಟು ಹಿಡಿದೇ ಓಡಿದೆ. "ಅಮ್ಮಾ! ಹೊಸ ಆಲ್ಬಂ! ಏಪ್ರಿಲ್ ಹತ್ತೊಂಬತ್ತಕ್ಕೆ!" ಪ್ರಶಸ್ತಿ ತೆಗೆದುಕೊಳ್ಳಲು ವೇದಿಕೆ ಹತ್ತಿದವಳು, ಎರಡು ವರ್ಷದಿಂದ ಬಚ್ಚಿಟ್ಟಿದ್ದ ಗುಟ್ಟು ಎಂದು ಹೇಳಿ, ಅಲ್ಲೇ ಪ್ರಕಟಿಸಿಬಿಟ್ಟಿದ್ದಳು. ಹನ್ನೊಂದನೆಯ ಆಲ್ಬಂ. ಹೆಸರು 'ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್'. ಕನ್ನಡದಲ್ಲಿ ಹೇಳು ಎಂದೆ. ಮಗಳು ಸ್ವಲ್ಪ ಯೋಚಿಸಿ, "ನೊಂದ ಕವಿಗಳ ಇಲಾಖೆ" ಎಂದಳು. ಕಂದಾಯ ಇಲಾಖೆ ಕೇಳಿದ್ದೆ, ಲೋಕೋಪಯೋಗಿ ಇಲಾಖೆ ಕೇಳಿದ್ದೆ, ನೊಂದ ಕವಿಗಳಿಗೂ ಒಂದು ಇಲಾಖೆಯೆ! ರವೆ ಸೀದು ಹೋಗಿತ್ತು.

ಅಂದಿನಿಂದ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ನಾನು ಹಾಲಿನ ಲೆಕ್ಕ ಬರೆಯುವ ಚೌಕಗಳ ಮಧ್ಯೆ, ಏಪ್ರಿಲ್ 19ಕ್ಕೆ ಒಂದು ಕೆಂಪು ಸುತ್ತು ಬಿತ್ತು. ದಿನಾ ರಾತ್ರಿ ಮಲಗುವ ಮುಂಚೆ ಬಂದು ಒಂದು ದಿನ ಹೊಡೆದುಹಾಕುತ್ತಿದ್ದಳು. "ಬರೋ ದಿನ ಬಂದೇ ಬರುತ್ತೆ, ಅದಕ್ಯಾಕೆ ಇಷ್ಟು ಒದ್ದಾಟ?" ಎಂದರೆ, "ನಿಂಗೆ ಗೊತ್ತಾಗಲ್ಲ ಬಿಡಮ್ಮ" ಎಂದುಬಿಡುತ್ತಿದ್ದಳು.

ಗೊತ್ತಾಗದೆ ಏನು? ನಾನೂ ಹುಡುಗಿಯಾಗಿದ್ದವಳೇ. ಬಸ್ ಸ್ಟ್ಯಾಂಡಿನ ಪಕ್ಕದ ಕ್ಯಾಸೆಟ್ ಅಂಗಡಿಯ ಮುಂದೆ, ಮೈಸೂರು ಅನಂತಸ್ವಾಮಿಯವರ ಭಾವಗೀತೆಗಳ ಕ್ಯಾಸೆಟ್ಟು ಬಂತೇ ಎಂದು ನಾನು, ನನ್ನ ತಂಗಿ ಶಾಲೆಯಿಂದ ಬರುವಾಗ ದಿನಾ ಇಣುಕುತ್ತಿದ್ದೆವು. ಕನ್ನಡದಲ್ಲಿ ಭಾವಗೀತೆಗಳಿಗೆಂದೇ ಬಂದ ಮೊದಲ ಕ್ಯಾಸೆಟ್ಟು 1978ರ 'ನಿತ್ಯೋತ್ಸವ'. ಅದು ನನ್ನ ತೊಟ್ಟಿಲಿನ ಕಾಲದ್ದು. ನಾವು ಕೇಳಿದ್ದು ಅದರ ಪ್ರತಿಯ ಪ್ರತಿ. ನಡುನಡುವೆ ಟೇಪು ಎಳೆದು ಹಾಡು ಅತ್ತಂತೆ ಕೇಳಿಸುತ್ತಿತ್ತು. ಇದನ್ನೆಲ್ಲ ಮಗಳಿಗೆ ಹೇಳಲು ಹೋದರೆ ಅವಳು ಫೋನು ನೋಡುತ್ತ "ಹೂಂ" ಎನ್ನುತ್ತಾಳೆ. ಇರಲಿ.

ನನಗೆ ಚಿಂತೆ ಬೇರೆಯೇ ಇತ್ತು. ಸಂಕ್ರಾಂತಿಯ ಹೊತ್ತಿನಿಂದ ಮಗಳು ಮಂಕಾಗಿದ್ದಳು. ಎಳ್ಳು ಬೀರಲು ಹೋಗಲಿಲ್ಲ, ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಸಾಯಂಕಾಲ ಐದಾರು ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಅದನ್ನೂ ಬಿಟ್ಟಳು. ಕೇಳಿದರೆ ತಲೆನೋವು. ಯಾರಾದರೂ ಹುಡುಗ ಇರಬಹುದೇ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ತಾಯಂದಿರ ಬುದ್ಧಿ ಮೊದಲು ಅಲ್ಲಿಗೇ ಓಡುತ್ತದೆ ತಾನೆ? ಆ ಸೋಮವಾರದ ಕಿರುಚೇ ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ಜೀವದ ದನಿ. ಹಾಗಾಗಿ, ಉಪ್ಪಿಟ್ಟು ಸೀದರೂ ನನಗೆ ಒಳಗೊಳಗೇ ಸಮಾಧಾನ.

ಸಿಂಗಪುರದಲ್ಲಿರುವ ನನ್ನ ತಂಗಿ ನಾಲ್ಕು ವರ್ಷದಿಂದ ಕರೆಯುತ್ತಲೇ ಇದ್ದಳು. ಅದೇ ಸಮಯಕ್ಕೆ ನಾನು ಕಟ್ಟುತ್ತಿದ್ದ ಚೀಟಿಯ ಹಣ ಕೈಗೆ ಬಂತು. ಕೈಬಳೆಗೆಂದು ಇಟ್ಟಿದ್ದು. ಮಗಳನ್ನು ಕರೆದುಕೊಂಡು ಹೋಗಿಬರೋಣ, ಹವೆ ಬದಲಾದರೆ ಮನಸ್ಸೂ ಬದಲಾದೀತು ಎಂದುಕೊಂಡೆ. ಹೇಳಿದೊಡನೆ ಅವಳು, "ಹೋದ್ರೆ ಮಾರ್ಚ್ ಮೊದಲನೇ ವಾರವೇ ಹೋಗೋಣಮ್ಮ" ಎಂದಳು. ಗುಟ್ಟು ಆಮೇಲೆ ಗೊತ್ತಾಯಿತು. ಟೇಲರ್ ಸ್ವಿಫ್ಟ್ ತನ್ನ 'ಎರಾಸ್' ಪ್ರವಾಸದಲ್ಲಿ ಮಾರ್ಚ್ 2ರಿಂದ 9ರೊಳಗೆ ಆರು ರಾತ್ರಿ ಸಿಂಗಪುರದಲ್ಲಿ ಹಾಡುವವಳಿದ್ದಳು. ಆ ಪ್ರವಾಸ ಇಂಡಿಯಾಕ್ಕೆ ಬರಲೇ ಇಲ್ಲ. ಅದರ ಸಿನಿಮಾ ಮಾತ್ರ 2023ರ ನವೆಂಬರ್‌ನಲ್ಲಿ ಬಂತು. ಆಗ್ನೇಯ ಏಷ್ಯಕ್ಕೆಲ್ಲ ಸಿಂಗಪುರ ಒಂದೇ ಊರು. ಇದರಿಂದ ಥಾಯ್ಲೆಂಡಿನ ಪ್ರಧಾನಿಗೆ ಮುನಿಸು, ಫಿಲಿಪೀನ್ಸಿನವರಿಗೆ ಮುನಿಸು. ಬೇರೆಲ್ಲೂ ಹಾಡಬಾರದೆಂದು ಸಿಂಗಪುರ ಹಣ ಕೊಟ್ಟು ಕಟ್ಟಿಹಾಕಿದೆ ಎಂದು ದೂರು. ಪ್ರೋತ್ಸಾಹಧನ ಕೊಟ್ಟದ್ದು ನಿಜ, ಅದರಲ್ಲಿ ನೆರೆಯವರ ಮೇಲೆ ಹಗೆಯೇನೂ ಇಲ್ಲ ಎಂದು ಅಲ್ಲಿನ ಪ್ರಧಾನಿ ಮಾರ್ಚ್ 5ರಂದು ಒಪ್ಪಿಕೊಂಡರು. ನೋಡಿ, ಒಬ್ಬ ಹಾಡುಗಾರ್ತಿಯ ಸಲುವಾಗಿ ದೇಶದೇಶಗಳೇ ಪಕ್ಕದ ಮನೆಯವರಂತೆ ಮುಖ ತಿರುಗಿಸಿಕೊಂಡವು!

"ಟಿಕೆಟ್ಟು?" ಎಂದೆ. "ಸಿಕ್ಕಲಿಲ್ಲ" ಎಂದಳು, ನೆಲ ನೋಡುತ್ತ. ಟಿಕೆಟ್ಟುಗಳು 2023ರ ಜುಲೈಯಲ್ಲೇ ಮಾರಾಟವಾಗಿದ್ದವು. ಎಲ್ಲಕ್ಕಿಂತ ದುಬಾರಿ ಟಿಕೆಟ್ಟು 1,228 ಸಿಂಗಪುರ ಡಾಲರ್, ನಮ್ಮ ಎಪ್ಪತ್ತೈದು ಸಾವಿರ ರೂಪಾಯಿಗೂ ಹೆಚ್ಚು. ಸಿಕ್ಕದ್ದೇ ಒಳ್ಳೆಯದಾಯಿತು ಎಂದುಕೊಂಡೆ. "ಹೊರಗಡೆ ನಿಂತ್ರೂ ಕೇಳ್ಸತ್ತಂತೆ. ಅಷ್ಟೇ ಸಾಕು" ಎಂದಳು. ಆ 'ಅಷ್ಟೇ ಸಾಕು' ನನ್ನ ಹೊಟ್ಟೆಯಲ್ಲಿ ಚುರ್ ಎಂದಿತು.

ಹೊರಡುವ ಮುಂಚೆ ಮಣಿ ಕೆಲಸ. ಈ ಗಾಯಕಿಯ ಅಭಿಮಾನಿಗಳು ಕೈಗೆ ಮಣಿಯ ಸ್ನೇಹಬಳೆ ಹಾಕಿಕೊಂಡು, ಗುರುತಿಲ್ಲದವರೊಡನೆ ಬದಲಾಯಿಸಿಕೊಳ್ಳುತ್ತಾರೆ. 2022ರ ಅವಳ ಒಂದು ಹಾಡಿನಲ್ಲಿ ಸ್ನೇಹಬಳೆಯ ಮಾತು ಬರುತ್ತದಂತೆ, ಅಲ್ಲಿಂದ ಶುರುವಾದದ್ದು. ಮಗಳು ಎರಡು ಬಳೆ ಮಾಡುವಷ್ಟರಲ್ಲಿ ಮೂರು ಸಲ ಮಣಿ ಚೆಲ್ಲಿದಳು. ನಾನು ಕೈಯಿಂದ ಕಿತ್ತುಕೊಂಡೆ. ಹೈಸ್ಕೂಲಿನಲ್ಲಿ ಮಣಿಯಲ್ಲಿ ಗಿಳಿ, ಹಂಸ, ಬಾಗಿಲ ತೋರಣ ಹಾಕಿದ ಕೈ ಇದು! ಮಾಡುವವರಿಗೆ ಹೇಳಿಬಿಡುತ್ತೇನೆ: ಒಂದು ಗೇಣಿಗಿಂತ ನಾಲ್ಕು ಬೆರಳು ಹೆಚ್ಚಾಗಿ ಎಲಾಸ್ಟಿಕ್ ದಾರ ಕತ್ತರಿಸಿ, ಪೋಣಿಸುವ ಮೊದಲು ಒಮ್ಮೆ ಚೆನ್ನಾಗಿ ಎಳೆಯಿರಿ, ಇಲ್ಲವಾದರೆ ಆಮೇಲೆ ಸಡಿಲವಾಗುತ್ತದೆ. ಒಂದು ತುದಿಗೆ ಅಂಟು ಕಾಗದ ಸುತ್ತಿದರೆ ಮಣಿ ಜಾರುವುದಿಲ್ಲ. ಗಂಟನ್ನು ಎರಡು ಸಲ ಹಾಕಿ, ಒಂದು ತೊಟ್ಟು ಅಂಟು ಇಟ್ಟು, ಒಣಗಿದ ಮೇಲೆ ದೊಡ್ಡ ಮಣಿಯೊಳಗೆ ಸರಿಸಿ. ಹೀಗೆ ಇಪ್ಪತ್ತೆರಡು ಬಳೆ ಮಾಡಿದೆ. ಬಣ್ಣದ ಮಣಿ ಮುಗಿದು ಕೊನೆಯ ಎರಡಕ್ಕೆ ಮನೆಯಲ್ಲಿದ್ದ ಕರಿಮಣಿ, ನಡುವೆ ಹೊಂಬಣ್ಣದ ಗುಂಡು ಹಾಕಿದೆ. "ಅಮ್ಮಾ, ಇದು ತಾಳಿ ಥರ ಇದೆ, ಯಾರು ಹಾಕ್ಕೋತಾರೆ?" ಎಂದು ಮಗಳು ನಕ್ಕಳು. ನಕ್ಕಳಲ್ಲ, ಸಾಕು.

ಬೆಂಗಳೂರಿನಿಂದ ನಾಲ್ಕೂವರೆ ಗಂಟೆಯ ಹಾರಾಟ. ಸಿಂಗಪುರದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ವಿಮಾನ ನಿಲ್ದಾಣದ ಬದಿಯ ಕಟ್ಟಡದೊಳಗೆ ಮಾಡಿನಿಂದ 40 ಮೀಟರ್ ಕೆಳಕ್ಕೆ ಸುರಿಯುವ ಜಲಪಾತ ಇದೆ. ಚೆಂದವೇ, ಆದರೆ ಜೋಗ ನೋಡಿದವರು ಬಾಯಿ ಬಿಡಬೇಕಾಗಿಲ್ಲ. ತಂಗಿಯ ಮನೆ ಲಿಟ್ಲ್ ಇಂಡಿಯಾದ ಹತ್ತಿರ, ಸರ್ಕಾರ ಕಟ್ಟಿಸಿದ ಎತ್ತರದ ಮನೆಗಳ ಸಾಲಿನಲ್ಲಿ. ಕೆಳಗಿಳಿದರೆ ಸೆರಂಗೂನ್ ರಸ್ತೆ, ವೀರಮಾಕಾಳಿಯಮ್ಮನ ಗುಡಿ, ಮಲ್ಲಿಗೆ ಹೂವು, ಕರಿಬೇವು, ಬಾಳೆಲೆ. ಮೊದಲ ದಿನ ನನಗೆ ಪರದೇಶ ಎಂದೇ ಅನ್ನಿಸಲಿಲ್ಲ. ಪರದೇಶ ಅನ್ನಿಸಿದ್ದು ರೈಲಿನಲ್ಲಿ. ಅಲ್ಲಿ ತಿನ್ನುವಂತಿಲ್ಲ, ನೀರು ಕೂಡ ಕುಡಿಯುವಂತಿಲ್ಲ; ಸಿಕ್ಕಿಬಿದ್ದರೆ 500 ಡಾಲರ್‌ವರೆಗೆ ದಂಡ. ಅರಸೀಕೆರೆ ಜಂಕ್ಷನ್ನಿನಲ್ಲಿ ವಡೆಯ ವಾಸನೆ ಕುಡಿದು ಬೆಳೆದವಳಿಗೆ, ತಿನ್ನದ ರೈಲು ಒಂದು ರೈಲೇ?

ಮಾರ್ಚ್ 3, ಭಾನುವಾರ. ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು ಮಧ್ಯಾಹ್ನವೇ ಹೊರಟೆವು. ಲಿಟ್ಲ್ ಇಂಡಿಯಾದಿಂದ ಪ್ರಾಮೆನೇಡ್‌ವರೆಗೆ ಒಂದು ರೈಲು, ಅಲ್ಲಿ ಬದಲಾಯಿಸಿ ಎರಡು ನಿಲ್ದಾಣ ಹೋದರೆ ಸ್ಟೇಡಿಯಂ. ಆ ಜಾಗದ ಹೆಸರು ಕಲ್ಲಾಂಗ್. ತಂಗಿ ಹೇಳಿದಾಗ ನನ್ನ ಕಿವಿಗೆ 'ಕಲ್ಲಂಗಡಿ' ಎಂದೇ ಬಿದ್ದಿತ್ತು. ಮೇಲೆ ಬಂದು ನೋಡಿದರೆ, ನಿಜವಾಗಿಯೂ ಅರ್ಧ ಕತ್ತರಿಸಿದ ಕಲ್ಲಂಗಡಿಯನ್ನು ನದಿಯ ಬದಿಯಲ್ಲಿ ಬೋರಲು ಹಾಕಿದ ಹಾಗೆ ಒಂದು ದೊಡ್ಡ ಗುಮ್ಮಟ! 2014ರಲ್ಲಿ ತೆರೆದದ್ದು. ಗುಮ್ಮಟದ ಅಗಲ 310 ಮೀಟರ್, ನಡುವೆ ಒಂದು ಕಂಬವಿಲ್ಲ. ಬೇಕಾದಾಗ ಮಾಡು ಸರಿದು ತೆರೆದುಕೊಳ್ಳುತ್ತದೆ. 55,000 ಜನ ಕೂರಬಹುದು. 1973ರಿಂದ ಅಲ್ಲಿದ್ದ ಹಳೆಯ ಕ್ರೀಡಾಂಗಣವನ್ನು ಕೆಡವಿ ಇದನ್ನು ಕಟ್ಟಿದರು. ಅಲ್ಲಿ ಕಾಲ್ಚೆಂಡಿನ ಆಟದ ದಿನ ಏಳುತ್ತಿದ್ದ ಜನರ ಕೂಗಿಗೆ 'ಕಲ್ಲಾಂಗಿನ ಗರ್ಜನೆ' ಎಂದೇ ಹೆಸರಿತ್ತಂತೆ. ಆ ಗರ್ಜನೆ ಏನೆಂದು ಅಂದು ರಾತ್ರಿ ನನಗೂ ಗೊತ್ತಾಯಿತು.

ಜಾತ್ರೆ ಸೋದರಿಯರೇ, ಜಾತ್ರೆ! ಆ ಸೆಕೆಯಲ್ಲಿ, ಬೆವರು ಧಾರೆಯಾಗಿ ಇಳಿಯುತ್ತಿದ್ದರೂ, ಮಿಣಮಿಣ ಉಡುಪು ತೊಟ್ಟ ಹುಡುಗಿಯರು ಸಾವಿರಾರು. ಒಬ್ಬ ಅಪ್ಪ, ಹೊಟ್ಟೆ ಮುಂದೆ ಬಂದವನು, ಗುಲಾಬಿ ಅಂಗಿ ಹಾಕಿಕೊಂಡು ಮೂರು ಹೆಣ್ಣುಮಕ್ಕಳ ಚೀಲ ಹೊತ್ತು ನಿಂತಿದ್ದ. ನಮ್ಮವರನ್ನು ಆ ಅಂಗಿಯಲ್ಲಿ ಊಹಿಸಿಕೊಂಡು ನನಗೆ ನಗು ತಡೆಯಲಿಲ್ಲ. ಟಿಕೆಟ್ಟಿದ್ದವರು ಸಾಲಾಗಿ ಒಳಗೆ ಹೋದರು. ನಮ್ಮಂಥವರು ಹೊರಗೆ ಉಳಿದೆವು. ಹತ್ತಿಪ್ಪತ್ತು ಜನ ಇರಬಹುದು ಎಂದುಕೊಂಡಿದ್ದೆ, ನೂರಾರು ಜನ! ಯಾರೂ ನಾಚಿಕೊಂಡಂತೆ ಕಾಣಲಿಲ್ಲ. ಟವೆಲು ಹಾಸಿ ಕೂತೆವು. ನಮ್ಮ ಪಕ್ಕ ಮನಿಲಾದಿಂದ ಬಂದ ತಾಯಿ ಮಗಳು. ಆ ತಾಯಿಗೆ ನನ್ನ ಭಾಷೆ ಬಾರದು, ನನಗೆ ಅವಳದು ಬಾರದು. ಇಬ್ಬರ ಇಂಗ್ಲಿಷೂ ಹೆಚ್ಚುಕಡಿಮೆ ಒಂದೇ ತರಗತಿಯದು. ಚಿತ್ರಾನ್ನ ಕೊಟ್ಟೆ. ಕಡಲೆಬೀಜ ಆರಿಸಿ ಆರಿಸಿ ತಿಂದಳು. ಅವಳ ಮಗಳು ಬಳೆಗಳನ್ನೆಲ್ಲ ನೋಡಿ, ಇಪ್ಪತ್ತು ಬಣ್ಣದ ಬಳೆ ಬಿಟ್ಟು, ಕರಿಮಣಿಯದನ್ನೇ ಆರಿಸಿಕೊಂಡಳು! ನನ್ನ ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದೆ.

ಏಳು ಗಂಟೆಯ ಹೊತ್ತಿಗೆ ಗುಮ್ಮಟದೊಳಗಿಂದ ಮೊದಲ ಕೂಗು ಎದ್ದಿತು. ನೆಲ ನಡುಗಿತು ಎಂದರೆ ಸುಳ್ಳಲ್ಲ, ಕೂತ ಕಡೆ ಗೊತ್ತಾಯಿತು. ಹಾಡು ಸ್ಪಷ್ಟವಾಗಿ ಕೇಳುತ್ತಿತ್ತೇ ಎಂದರೆ, ತಾಳ ಚೆನ್ನಾಗಿ ಕೇಳುತ್ತಿತ್ತು, ಮಾತು ಮುಕ್ಕಾಲು. ಉಳಿದದ್ದನ್ನು ಹೊರಗಿದ್ದವರೇ ಹಾಡಿ ತುಂಬುತ್ತಿದ್ದರು. ಒಳಗಿದ್ದ ಯಾರೋ ಫೋನಿನಲ್ಲಿ ನೇರವಾಗಿ ತೋರಿಸುತ್ತಿದ್ದುದನ್ನು ನಮ್ಮ ಸುತ್ತ ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ನೋಡುತ್ತಿದ್ದರು. ಇಲ್ಲೊಂದು ತಮಾಷೆ. ಫೋನಿನ ಚಿತ್ರ ನಿಜದ ದನಿಗಿಂತ ಅರ್ಧ ನಿಮಿಷದಷ್ಟು ಹಿಂದೆ ಇರುತ್ತಿತ್ತು. ಗೋಡೆಯಾಚೆಯಿಂದ ಕೂಗು ಮೊದಲು ಬರುತ್ತಿತ್ತು, ಕೂಗಿದ್ದು ಯಾಕೆಂದು ಆಮೇಲೆ ತಿಳಿಯುತ್ತಿತ್ತು. ಪಕ್ಕದ ಮನೆಯಲ್ಲಿ ಕ್ರಿಕೆಟ್ಟಿನ ಸಿಕ್ಸರಿಗೆ ಮೊದಲೇ ಚಪ್ಪಾಳೆ ಬಿದ್ದ ಹಾಗೆ.

ಕಾರ್ಯಕ್ರಮ ಬಹುಪಾಲು ಮುಗಿದಿತ್ತು. ಇದ್ದಕ್ಕಿದ್ದಂತೆ, ಅದುವರೆಗಿನದನ್ನೆಲ್ಲ ಮೀರಿಸಿದ ಒಂದು ಕೂಗು. ಹಾಡಿನ ಕೂಗಲ್ಲ, ಬೇರೆ ಥರದ್ದು. ಹೊರಗಿದ್ದವರೆಲ್ಲ ಎದ್ದು ನಿಂತರು. ಮಗಳು ನನ್ನ ಮಣಿಕಟ್ಟು ಹಿಡಿದಳು. "ಆಲ್ಬಂ ವಿಷಯ ಏನೋ ಹೇಳಿದಾಳೆ ಅಮ್ಮ, ಏನೋ ಹೇಳಿದಾಳೆ..." ಅರ್ಧ ನಿಮಿಷ. ನಾನು ಫೋನು ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದೆ. ಚಿಕ್ಕವಳಿದ್ದಾಗ, ಅಪ್ಪ ಪೇಟೆಯಿಂದ ಬಂದು ಚೀಲ ಕೆಳಗಿಟ್ಟಾಗ, ಒಳಗೇನಿದೆ ಎಂದು ನಿಂತು ನೋಡುತ್ತಿದ್ದ ಅದೇ ಮುಖ. ಅದು ಎಲ್ಲಿ ಹೋಗಿತ್ತು ಇಷ್ಟು ದಿನ?

ಸುದ್ದಿ ಇಷ್ಟೇ. ಹೊಸ ಆಲ್ಬಮ್ಮಿಗೆ ನಾಲ್ಕನೆಯ ಮತ್ತು ಕೊನೆಯ ಆವೃತ್ತಿ ಬರುತ್ತದೆ, ಅದರಲ್ಲಿ ಒಂದು ಹೆಚ್ಚಿನ ಹಾಡು, ಅದರ ಹೆಸರು 'ದಿ ಬ್ಲ್ಯಾಕ್ ಡಾಗ್'. ಅಂದರೆ ಕಪ್ಪು ನಾಯಿ. ಹೀಗೆಯೇ ಫೆಬ್ರವರಿಯಲ್ಲಿ ಮೆಲ್ಬರ್ನ್‌ನಲ್ಲಿ ಒಂದು, ಸಿಡ್ನಿಯಲ್ಲಿ ಒಂದು ಆವೃತ್ತಿ ಪ್ರಕಟಿಸಿದ್ದಳು. ನನ್ನ ಅಭಿಪ್ರಾಯ ಕೇಳಿದರೆ ಇದು ಶುದ್ಧ ವ್ಯಾಪಾರ. ಒಂದೇ ಸೀರೆಗೆ ನಾಲ್ಕು ಬೇರೆ ಸೆರಗು ಹಚ್ಚಿ, ಒಂದೇ ಗಿರಾಕಿಗೆ ನಾಲ್ಕು ಸಲ ಮಾರುವ ಜಾಣತನ. ಮಗಳಿಗೆ ಹೇಳಿದೆ ಕೂಡ. ಅವಳು ಕೇಳಿಸಿಕೊಳ್ಳಲಿಲ್ಲ. ಕಪ್ಪು ನಾಯಿ ಎಂದರೆ ಏನಿರಬಹುದು ಎಂದು ಮನಿಲಾದ ಹುಡುಗಿಯೂ ಇವಳೂ ಚರ್ಚೆಗೆ ಬಿದ್ದಿದ್ದರು. ಮನಸ್ಸಿನ ಖಿನ್ನತೆಗೆ ಇಂಗ್ಲಿಷಿನಲ್ಲಿ ಹಾಗೆ ಅನ್ನುತ್ತಾರಂತೆ. ನನಗೆ ನೆನಪಾದದ್ದು ನಮ್ಮ ಬೀದಿಯ ಕರಿಯ, ಹಾಲಿನವನನ್ನು ಅಟ್ಟಿಸಿಕೊಂಡು ಹೋಗುವ ನಾಯಿ.

ಆ ಹುಡುಗಿ ನೀರು ತರಲು ಹೋದಾಗ ಮಗಳು ಗೋಡೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು. "ಅಮ್ಮಾ, ನಂಗೆ ಟಿಕೆಟ್ ಸಿಕ್ಕಿತ್ತು. ಅಂದ್ರೆ, ಸಿಕ್ಕಿದೆ ಅಂದ್ಕೊಂಡಿದ್ದೆ."

ಡಿಸೆಂಬರಿನಲ್ಲಿ ಫೋನಿನ ಮೂಲಕ ಪರಿಚಯವಾದ ಯಾರೋ, ತಮ್ಮಲ್ಲಿ ಎರಡು ಟಿಕೆಟ್ಟು ಹೆಚ್ಚಿಗೆ ಇವೆ, ಕೊಂಡ ಬೆಲೆಗೇ ಕೊಡುತ್ತೇವೆ ಎಂದರಂತೆ. ಎರಡು! ಒಂದು ಅವಳಿಗೆ, ಒಂದು ನನಗೆ. ಪಾಠ ಹೇಳಿ ಕೂಡಿಸಿದ್ದ ಇಪ್ಪತ್ತೆಂಟು ಸಾವಿರ ರೂಪಾಯಿಯನ್ನು ಮೂರು ಕಂತಿನಲ್ಲಿ ಕಳಿಸಿದ್ದಾಳೆ. ಸಂಕ್ರಾಂತಿಯ ಹೊತ್ತಿಗೆ ಆ ನಂಬರೇ ಇಲ್ಲ. ಯಾರಿಗೂ ಹೇಳಿಲ್ಲ. ಪಾಠ ಹೇಳಲು ಕೂತರೆ ಆ ಮಕ್ಕಳ ಮುಖ ನೋಡಿದೊಡನೆ ಹಣದ್ದೇ ನೆನಪಾಗುತ್ತಿತ್ತಂತೆ, ಅದಕ್ಕೇ ಬಿಟ್ಟದ್ದು.

ನನಗೆ ಸಿಟ್ಟು ಬರಲಿಲ್ಲ ಎಂದರೆ ನಂಬಬೇಡಿ. ಇಪ್ಪತ್ತೆಂಟು ಸಾವಿರ! ನಾನು ತೆಂಗಿನಕಾಯಿ ಚಿಪ್ಪನ್ನೂ ಮಾರಿ ಲೆಕ್ಕ ಇಡುವವಳು. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಗೋಡೆಯಾಚೆ ಮತ್ತೆ ಹಾಡು ಶುರುವಾಯಿತು, ಬರೇ ಒಂದು ವಾದ್ಯ, ಒಂದು ದನಿ, ಮೆಲ್ಲಗೆ. ಸುತ್ತ ಇದ್ದವರೆಲ್ಲ ಸುಮ್ಮನಾದರು. ಆ ಮೌನದಲ್ಲಿ ಬೈಯುವುದು ಹೇಗೆ? ಹಾಡು ಮುಗಿಯುವವರೆಗೆ ಕಾದೆ. ಮುಗಿಯುವ ಹೊತ್ತಿಗೆ ಬೈಯಬೇಕೆಂದಿದ್ದ ಮಾತು ಯಾವುದೂ ನೆನಪಿಗೆ ಬರಲಿಲ್ಲ. "ಅಪ್ಪಂಗೆ ಹೇಳ್ಬೇಡ" ಎಂದೆ. "ಹೂಂ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ಬಳೆ ದುಡ್ಡು ಅಂತ ಚಿಕ್ಕಮ್ಮ ಹೇಳಿದ್ರು" ಎಂದಳು. "ಬಳೆಗೇನು, ಇಪ್ಪತ್ತೆರಡು ಮಾಡ್ಕೊಂಡಿದೀನಲ್ಲ" ಎಂದೆ.

ನಿಮ್ಮ ಮನೆಯ ಮಕ್ಕಳೂ ಫೋನಿನಲ್ಲಿ ಟಿಕೆಟ್ಟು, ಸೀರೆ, ಮತ್ತೊಂದು ಎಂದು ಗುರುತಿಲ್ಲದವರಿಗೆ ಹಣ ಕಳಿಸುತ್ತಿದ್ದರೆ ಒಂದು ಮಾತು ಕೇಳಿ ನೋಡಿ. ಕಳಕೊಂಡಿದ್ದರೆ ಸೈಬರ್ ಅಪರಾಧಕ್ಕೆಂದೇ 1930 ಎಂಬ ಫೋನ್ ನಂಬರಿದೆ, ತಡಮಾಡದೆ ದೂರು ಕೊಡಬೇಕು. ನಾವು ಊರಿಗೆ ಬಂದ ಮೇಲೆ ಕೊಟ್ಟೆವು. ಎರಡು ತಿಂಗಳು ತಡವಾಗಿತ್ತು, ಹಣ ಬರಲಿಲ್ಲ.

ಏಪ್ರಿಲ್ 19, ಶುಕ್ರವಾರ. ಅಮೆರಿಕದ ಪೂರ್ವ ತೀರದ ನಡುರಾತ್ರಿ ನಮಗೆ ಬೆಳಿಗ್ಗೆ ಒಂಬತ್ತೂವರೆ. ಇಡ್ಲಿ ಪಾತ್ರೆ ಇಳಿಸಿ, ಅಡುಗೆಮನೆಯ ನೆಲದ ಮೇಲೇ ಇಬ್ಬರೂ ಕೂತೆವು. ಹದಿನಾರು ಹಾಡು. ನನಗೆ ಅರ್ಥವಾದದ್ದು ಅಲ್ಲಲ್ಲಿ. ಐದನೆಯದೋ ಆರನೆಯದೋ ಹಾಡಿಗೆ ಮಗಳ ಕಣ್ಣಲ್ಲಿ ನೀರು ಬಂತು. ಆ ನೀರು ಇಪ್ಪತ್ತೆಂಟು ಸಾವಿರಕ್ಕಲ್ಲ ಎಂದು ಮಾತ್ರ ತಿಳಿಯಿತು. ಕೇಳಲಿಲ್ಲ. ಎದ್ದು ಕಾಫಿ ಬೆರೆಸಿ ತಂದಿಟ್ಟೆ.

ಹನ್ನೊಂದೂವರೆಗೆ ಮತ್ತೊಂದು ಕಿರುಚು. ಯಾರಿಗೂ ಹೇಳದೆ ಎರಡನೆಯ ಕಂತು ಎಂದು ಇನ್ನೂ ಹದಿನೈದು ಹಾಡು ಬಿಟ್ಟಿದ್ದಳು! ಆ ನಾಲ್ಕು ಸೆರಗಿನ ಹೆಚ್ಚುವರಿ ಹಾಡುಗಳೂ ಅದರೊಳಗೇ ಇದ್ದವು. ಕಪ್ಪು ನಾಯಿಯೂ ಬಂತು. ನೋಡಿದರೆ ಅದು ನಾಯಿಯೂ ಅಲ್ಲ, ಖಿನ್ನತೆಯೂ ಅಲ್ಲ, ಒಂದು ಹೆಂಡದಂಗಡಿಯ ಹೆಸರು! ಬಿಟ್ಟುಹೋದವನು ಆ ಅಂಗಡಿಯೊಳಗೆ ಕಾಲಿಡುವುದನ್ನು ಹುಡುಗಿ ತನ್ನ ಫೋನಿನಲ್ಲಿ ಕಾಣುತ್ತಾಳಂತೆ. ಲಂಡನ್ನಿನ ವಾಕ್ಸ್‌ಹಾಲ್ ಎಂಬಲ್ಲಿ ಅದೇ ಹೆಸರಿನ ಅಂಗಡಿಗೆ ಆ ವಾರ ಅಭಿಮಾನಿಗಳ ಜಾತ್ರೆ. ಮಗಳೂ ನಾನೂ ಬಿದ್ದು ಬಿದ್ದು ನಕ್ಕೆವು. ಮನಿಲಾದ ಹುಡುಗಿಗೂ ಸುದ್ದಿ ಹೋಯಿತು. ಅವಳು ಕರಿಮಣಿ ಬಳೆ ಹಾಕಿದ ಕೈಯ ಚಿತ್ರ ಕಳಿಸಿದಳು.

ಈಗ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. 2025ರ ಅಕ್ಟೋಬರ್ 3, ವಿಜಯದಶಮಿಯ ಮರುದಿನ, 'ದಿ ಲೈಫ್ ಆಫ್ ಎ ಶೋಗರ್ಲ್' ಎಂಬ ಹನ್ನೆರಡು ಹಾಡಿನ ಹೊಸ ಆಲ್ಬಂ ಬಂತು. ಅವಳಿಗೆ ರಜೆ ಇರಲಿಲ್ಲ, ಹಿಂದಿನ ರಾತ್ರಿಯೇ ಬಸ್ಸು ಹತ್ತಿದ್ದಳು. ಹೋಗುವಾಗ ಅಡುಗೆಮನೆಯ ಕ್ಯಾಲೆಂಡರಿನ ಕೆಂಪು ಸುತ್ತಿನ ಪಕ್ಕ '9.30' ಎಂದು ಬರೆದು ಹೋಗಿದ್ದಳು. ಬೆಳಿಗ್ಗೆ ನಾನು ಫೋನು ಎದುರಿಗಿಟ್ಟುಕೊಂಡು ಕೂತಿದ್ದೆ. ಒಂಬತ್ತು ಇಪ್ಪತ್ತೈದಕ್ಕೆ ನಮ್ಮವರು ಇಣುಕಿ, "ಏನೇ, ತಿಂಡಿ ಆಗಿಲ್ವಾ ಇನ್ನೂ?" ಎಂದರು.

"ಒಂದೈದು ನಿಮಿಷ ತಡೀರಿ" ಎಂದೆ.